ನಿಲ್ಲಿಸಿದವನ ಕೈಬರಹ

ಬಾನೆಟ್ ಎತ್ತಿದೆವು. ಎತ್ತಿದೆವು ಅಂದರೆ ಕಾರಿನ ಅರ್ಧ ಮೈಯನ್ನೇ ಎತ್ತಿದ ಹಾಗೆ! ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಸೊಗಸೇ ಅದು. ದೀಪ, ಮಡ್‌ಗಾರ್ಡ್, ಮೂತಿ ಎಲ್ಲ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಎಂಜಿನ್ನು, ಸ್ಟೀರಿಂಗ್, ಮುಂದಿನ ಎರಡೂ ಚಕ್ರ ಬಟಾಬಯಲಾಗುತ್ತವೆ. ಕತ್ತಲಗೆರೆಯ ನಮ್ಮ ದೊಡ್ಡಪ್ಪನ ಅಡಿಕೆ ಶೆಡ್ಡಿನಲ್ಲಿ ಬೆಳಗಿನ ಬಿಸಿಲು ಹಂಚಿನ ಸಂದಿಯಿಂದ ಇಳಿದು ನೇರವಾಗಿ ಎಡಗಡೆ ಚಕ್ರದ ಬೆನ್ನಿಗೆ ಬಿತ್ತು. ಅಲ್ಲಿ ಏನೋ ಬೆಳ್ಳಗೆ ಮಿಂಚಿತು.

ಬ್ರೇಕ್ ಡ್ರಮ್ ಮಿಂಚುವ ವಸ್ತುವಲ್ಲ. ಅದು ಎರಕದ ಕಬ್ಬಿಣ. ಇಷ್ಟು ವರ್ಷ ಶೆಡ್ಡಿನ ಮೂಲೆಯಲ್ಲಿ ನಿಂತರೆ ಚೊಗರು ಕುಡಿದ ಅಡಿಕೆಯ ಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಆದರೆ ಇಲ್ಲಿ ಆ ಕೆಂಗಂದು ಡ್ರಮ್ಮಿಗೆ ಯಾರೋ ಬಿಳಿ ಬಳೆ ತೊಡಿಸಿದ್ದರು! ಬಳೆಯ ಸುತ್ತ ಒಂದೇ ಅಂತರದಲ್ಲಿ ತೆಳ್ಳನೆಯ ಏಣುಗಳು. ನಾನು ಮೊಣಕಾಲೂರಿ, ಕೈ ತೂರಿಸಿ, ಬೆರಳಾಡಿಸಿದೆ. ಒಂದು, ಎರಡು, ಮೂರು, ನಾಲ್ಕು ಏಣು. ಎದೆ ಡವಡವ ಅನ್ನತೊಡಗಿತು.

ಚನ್ನಗಿರಿಯಿಂದ ಬಂದಿದ್ದ ಹಿರಿಯ ಮಿಸ್ತ್ರಿ ಕನ್ನಡಕ ಹಣೆಗೇರಿಸಿ ಬಾಗಿದರು. ಲಾರಿ, ಟ್ರ್ಯಾಕ್ಟರ್, ಅಂಬಾಸಿಡರ್ ಅಂತ ಒಂದು ಜನ್ಮಪೂರ್ತಿ ಬ್ರೇಕು ಬಿಚ್ಚಿ ಕಟ್ಟಿದ ಕೈ ಅವರದು. ಉಗುರಿನಿಂದ ಏಣನ್ನು ಕೆರೆದು ನೋಡಿದರು. ಅಲ್ಯೂಮಿನಿಯಂ!

“ತಮ್ಮಾ, ಇದು ಕಂಪ್ನಿ ಕೆಲ್ಸ ಅಲ್ಲ,” ಅಂದರು. ಒಂದು ಗಳಿಗೆ ಬಿಟ್ಟು, “ಯಾರೋ ಮನಸಿಟ್ಟು ಮಾಡಿರೋ ಕೆಲ್ಸ,” ಅಂದರು.

ಆ ಕ್ಷಣದಿಂದ ಮುಂದಿನ ಮೂರು ದಿನ ನಮಗೆ ಊಟ, ನಿದ್ದೆ ನೆನಪಿಲ್ಲ.

ಈ ಕಾರಿನ ಬಗ್ಗೆ ಮನೆಯಲ್ಲಿ ಎರಡು ಮಾತು ಚಾಲ್ತಿಯಲ್ಲಿದ್ದವು. ಒಂದು, ದೊಡ್ಡಪ್ಪನದು: “ಇದು ಮದ್ರಾಸ್ ಕಡೆ ರೇಸಿಗೆ ಓಡಿದ ಗಾಡಿ.” ಬೆಂಗಳೂರಿನಲ್ಲಿ ಕೊಳ್ಳುವಾಗ ಮಾರಿದವರು ಹಾಗೆ ಹೇಳಿದ್ದರಂತೆ. ಇನ್ನೊಂದು, ದೊಡ್ಡಮ್ಮನದು: “ರೇಸಂತೆ! ಬೆಳಿಗ್ಗೆ ಹೊರಟರೆ ಬ್ರೇಕೇ ಹಿಡೀತಿರಲಿಲ್ಲ. ಭದ್ರಾ ನಾಲೆ ದಾಟೋವರೆಗೂ ನಾನು ದೇವರ ಹೆಸರು ಹೇಳ್ತಾ ಕೂತಿರ್ತಿದ್ದೆ. ಮಧ್ಯಾಹ್ನ ಬಿಸಿ ಹತ್ತಿದ ಮೇಲೆ ಸರಿಯಾಗ್ತಿತ್ತು.” ಮೊದಲ ಮಾತು ಅಭಿಮಾನದ್ದು, ಎರಡನೆಯದು ಅಸಮಾಧಾನದ್ದು ಅಂತ ನಾವು ಮಕ್ಕಳೆಲ್ಲ ತಿಳಿದಿದ್ದೆವು. ಎರಡೂ ಒಂದೇ ಸತ್ಯದ ಎರಡು ತುದಿ ಅನ್ನುವುದು ಈಗ ಗೊತ್ತಾಯಿತು. ಗೊತ್ತಾದ ಬಗೆಯನ್ನೇ ಇಲ್ಲಿ ಹೇಳಬೇಕು.

ಹೆರಾಲ್ಡ್ ಅಂದರೆ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಇಟಲಿಯ ಜೊವಾನ್ನಿ ಮಿಕೆಲೊತ್ತಿ ಬರೆದ ಆಕಾರ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ ಅದನ್ನು ಇಲ್ಲೇ ಕಟ್ಟತೊಡಗಿತು. 948 ಸಿಸಿ ಎಂಜಿನ್, ಕೆಳಗೆ ಲಾರಿಗಿರುವ ಹಾಗೆ ಪ್ರತ್ಯೇಕ ಛಾಸಿ, ಮೇಲೆ ಬೋಲ್ಟಿನಲ್ಲಿ ಕೂರಿಸಿದ ಮೈ. ಇಂಗ್ಲೆಂಡಿನಲ್ಲಿ 1961ರಲ್ಲಿ ಹೆರಾಲ್ಡ್ 1200 ಬಂದಾಗ, ಹೆಚ್ಚುವರಿ ಹಣ ಕೊಟ್ಟವರಿಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಸಿಗುತ್ತಿತ್ತು. ನಮ್ಮವರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಗತಿ: ಮುಂದೆ 8 ಇಂಚು, ಹಿಂದೆ 7 ಇಂಚು. ಹೊರಗಿನಿಂದ ಬಿಡಿಭಾಗ ತರಿಸಬೇಕೆಂದರೆ ಲೈಸೆನ್ಸು, ಪರ್ಮಿಟ್ಟು, ವರ್ಷಗಟ್ಟಲೆ ಕಾಯುವಿಕೆ. ಆದರೂ ಇದೇ ಹೆರಾಲ್ಡು, ಇದೇ ಫಿಯೆಟ್ಟುಗಳನ್ನು ತೆಗೆದುಕೊಂಡು ಜನ ರೇಸಿಗೆ ಹೋಗುತ್ತಿದ್ದರು! ಮದ್ರಾಸಿನ ಉತ್ತರಕ್ಕೆ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ. ಯುದ್ಧ ಮುಗಿದ ಮೇಲೆ ವಿಮಾನ ಹೋದವು, ಕಾರು ಬಂದವು. 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ರೇಸುಗಳು ದಶಕಗಳ ಕಾಲ ಅಲ್ಲೇ ನಡೆದವು.

ಓಡುದಾರಿ ಅಂದರೆ ಕಣ್ಣಳತೆಯಷ್ಟು ದೂರ ನೇರ. ಕಾಲು ಒತ್ತಿ ಹಿಡಿದರೆ ಕಾರು ತನ್ನ ಪೂರ್ತಿ ವೇಗ ಮುಟ್ಟುತ್ತದೆ. ಆಮೇಲೆ? ತಿರುವು. ನಿಲ್ಲಲೇಬೇಕು. ಮತ್ತೆ ನೇರ, ಮತ್ತೆ ತಿರುವು, ಮತ್ತೆ ಬ್ರೇಕು.

ಒಂದು ಲೆಕ್ಕ ಹಾಕಿ ನೋಡಿದೆ. ಲೆಕ್ಕ ಹಾಕಿದ ಮೇಲೆ ಕಾಗದವನ್ನೇ ದಿಟ್ಟಿಸುತ್ತ ಕೂತೆ. ಸುಮಾರು 800 ಕಿಲೋ ತೂಕದ ಕಾರು ಗಂಟೆಗೆ 120 ಕಿಲೋಮೀಟರಿನಲ್ಲಿ ಓಡುತ್ತಿದೆ ಅನ್ನಿ. ಅದನ್ನು ನಿಲ್ಲಿಸಿದಾಗ ಆ ಓಟವೆಲ್ಲ ಶಾಖವಾಗುತ್ತದೆ. ಎಷ್ಟು ಶಾಖ? ಒಂದೂವರೆ ಲೀಟರ್ ತಣ್ಣೀರನ್ನು ಮರಳಿಸುವಷ್ಟು! ನಮ್ಮ ಮನೆಯ ಗ್ಯಾಸ್ ಒಲೆಗೆ ಅದಕ್ಕೆ ಕೆಲವು ನಿಮಿಷ ಬೇಕು. ಬ್ರೇಕಿಗೆ ಸಿಗುವುದು ನಾಲ್ಕೈದು ಸೆಕೆಂಡು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸುತ್ತಿಗೆ ಎರಡು ಸಲ, ಮೂರು ಸಲ, ಹತ್ತಾರು ಸುತ್ತು. ಅಡಿಕೆ ಬೇಯಿಸುವ ಹಂಡೆಯ ಕೆಳಗಿನ ಒಲೆಯನ್ನು ತಂದು ಚಕ್ರದೊಳಗೆ ಇಟ್ಟ ಹಾಗೆ!

ಈ ಶಾಖವೇ ಡ್ರಮ್ ಬ್ರೇಕಿನ ಶತ್ರು. ಡ್ರಮ್ ಅಂದರೆ ಬೋಗುಣಿ. ಒಳಗಿನಿಂದ ಎರಡು ಶೂಗಳು ಅಗಲಿಸಿಕೊಂಡು ಬೋಗುಣಿಯ ಗೋಡೆಯನ್ನು ಒತ್ತಿ ಹಿಡಿಯುತ್ತವೆ. ಬೋಗುಣಿ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಗೋಡೆ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಲೈನರ್ ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ. ಪೈಪಿನಲ್ಲಿರುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ಮಳೆಗಾಲ ಕಂಡ ಹಳೆಯ ಆಯಿಲ್ ಬೇಗ ಕುದಿಯುತ್ತದೆ, ಕುದ್ದರೆ ಆವಿ, ಆವಿಯಾದರೆ ಪೆಡಲ್ ಹತ್ತಿಯ ಮೂಟೆ. ಡಿಸ್ಕಿನಲ್ಲಿ ಕತೆ ಉಲ್ಟಾ! ತಟ್ಟೆ ಕಾದು ದಪ್ಪಗಾದರೆ ಪ್ಯಾಡಿನ ಕಡೆಗೇ ಬರುತ್ತದೆ; ಬಯಲಿನಲ್ಲಿರುವುದರಿಂದ ಗಾಳಿಗೆ ಬೇಗ ಆರುತ್ತದೆ.

ಇಷ್ಟು ತಿಳಿದದ್ದೇ ಜಗತ್ತಿನ ರೇಸಿನ ಇತಿಹಾಸವೆಲ್ಲ ಬೇರೆಯಾಗಿ ಕಾಣತೊಡಗಿತು. ಎಂಜಿನ್ನಿನ ಕತೆ ಎಲ್ಲರೂ ಹೇಳುತ್ತಾರೆ, ಆದರೆ ಗೆದ್ದದ್ದು ಎಷ್ಟೋ ಸಲ ಬ್ರೇಕು! 1921ರ ಫ್ರೆಂಚ್ ಗ್ರಾಂಪ್ರಿ. ಜಿಮ್ಮಿ ಮರ್ಫಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಗೆದ್ದ. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕಿದ್ದ ಕಾರು ಅದು. 1924ರ ಬುಗಾಟಿ ಟೈಪ್ 35ರಲ್ಲಿ ಅಲ್ಯೂಮಿನಿಯಂ ಚಕ್ರ ಮತ್ತು ಬ್ರೇಕ್ ಡ್ರಮ್ ಒಂದೇ ಎರಕ. ಚಕ್ರ ಕಳಚಿದರೆ ಶೂಗಳು ಕಣ್ಣೆದುರೇ. ಡಿಸ್ಕ್ ಬ್ರೇಕಿಗೆ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರೂ ಅದು ರೇಸ್ ಗೆಲ್ಲಲು ಅರ್ಧ ಶತಮಾನ ಹಿಡಿಯಿತು: 1952ರಲ್ಲಿ ರ‍್ಹೈಮ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್, ಜಾಗ್ವಾರ್ ಸಿ-ಟೈಪ್, ಡನ್‌ಲಪ್ ಡಿಸ್ಕ್. ಮರುವರ್ಷ ಲೆ ಮಾನ್‌ನ 24 ಗಂಟೆಯ ಓಟವನ್ನು ರಾಲ್ಟ್ ಮತ್ತು ಹ್ಯಾಮಿಲ್ಟನ್ ಅದೇ ಬಗೆಯ ಕಾರಿನಲ್ಲಿ ಗೆದ್ದರು. ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅಲ್ಲಿ ಅದೇ ಮೊದಲು. 1955ರಲ್ಲಿ ಅದೇ ಲೆ ಮಾನ್‌ಗೆ ಬಂದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರುಗಳಿಗೆ ಡ್ರಮ್ಮೇ ಇತ್ತು. ಜಾಗ್ವಾರಿನ ಡಿಸ್ಕಿಗೆ ಸಾಟಿಯಾಗಲು ಅವರು ಮಾಡಿದ್ದೇನು ಗೊತ್ತೆ? ಚಾಲಕನ ಬೆನ್ನ ಹಿಂದೆ ಒಂದು ದೊಡ್ಡ ಹಲಗೆ! ತಿರುವಿಗೆ ಮುಂಚೆ ಅದು ಎದ್ದು ನಿಂತು ಗಾಳಿಗೆ ಎದೆಯೊಡ್ಡುತ್ತಿತ್ತು.

ಡಿಸ್ಕು ಸಿಗದಿದ್ದವರು ಡ್ರಮ್ಮನ್ನೇ ತಣ್ಣಗಿಡಲು ಹೊರಟರು. ಅವರ ದೊಡ್ಡ ಉಪಾಯದ ಹೆಸರು ಆಲ್-ಫಿನ್. ಒಳಗೆ ಕಬ್ಬಿಣದ ಬಳೆ, ಹೊರಗೆ ಏಣುಗಳಿರುವ ಅಲ್ಯೂಮಿನಿಯಂ. ಕಬ್ಬಿಣ ಉಜ್ಜಾಟ ತಾಳುತ್ತದೆ, ಅಲ್ಯೂಮಿನಿಯಂ ಶಾಖವನ್ನು ಎಳೆದು ಗಾಳಿಗೆ ಕೊಡುತ್ತದೆ. ಎರಡು ಲೋಹವೂ ಅಣುಅಣುವಾಗಿ ಬೆಸೆದುಕೊಳ್ಳುವ ಹಾಗೆ ಎರಕ ಹೊಯ್ಯುವುದೇ ಅದರ ಗುಟ್ಟು.

ನಮ್ಮ ಕಾರಿನ ಮೇಲಿರುವುದೂ ಅದೇನಾ? ಕತ್ತಲಗೆರೆಯ ಶೆಡ್ಡಿನಲ್ಲಿ ಆಲ್-ಫಿನ್ ಡ್ರಮ್ಮಾ?!

ಜಾಕ್ ಕೊಟ್ಟು, ನಾಲ್ಕು ನಟ್ಟು ತೆಗೆದು, ಚಕ್ರ ಇಳಿಸಿದೆವು. ಡ್ರಮ್ ಕಚ್ಚಿಕೊಂಡಿತ್ತು. ಮಿಸ್ತ್ರಿ ಶೂಗಳನ್ನು ಸಡಿಲಿಸಿ, ಮರದ ತುಂಡಿಟ್ಟು ಸುತ್ತ ಮೆಲ್ಲಗೆ ತಟ್ಟುತ್ತ ಹೋದರು. ಕಬ್ಬಿಣದ ಸುತ್ತಿಗೆ ಮುಟ್ಟಲಿಲ್ಲ. ಏಣು ಮುರಿದರೆ ಹೋದಂತೆಯೇ. ಹೊರಬರುವ ಮುಂಚೆ ಬಾಟಲಿಯಿಂದ ನೀರು ಚಿಮುಕಿಸಿ ಒಳಗಿನ ಧೂಳನ್ನೆಲ್ಲ ನೆನೆಸಿದರು. ಹಳೆಯ ಲೈನರಿನಲ್ಲಿ ಕಲ್ನಾರು ಇರುತ್ತದೆ. ಊದಿದರೆ, ಗಾಳಿ ಹೊಡೆದರೆ ಅದು ಎದೆಗೆ ಹೋಗುತ್ತದೆ. ಹಳೆಯ ಬ್ರೇಕು ಬಿಚ್ಚುವ ಯಾರೇ ಆದರೂ ಒದ್ದೆ ಬಟ್ಟೆ ಹಿಡಿದೇ ಬಿಚ್ಚಬೇಕು.

ಡ್ರಮ್ ನನ್ನ ತೊಡೆಯ ಮೇಲೆ ಬಂತು. ಬಿಸಿಲಿಗೆ ಹಿಡಿದು ತಿರುಗಿಸಿದೆ. ಬಳೆ ಮತ್ತು ಕಬ್ಬಿಣದ ನಡುವೆ ಕೂದಲೆಳೆಯಷ್ಟು ಗೆರೆ. ಬೆಸೆದ ಎರಕ ಅಲ್ಲ! ಆಲ್-ಫಿನ್ ಅಲ್ಲ. ಒಂದು ಕ್ಷಣ ಮನಸ್ಸು ಕುಗ್ಗಿತು. ಆ ಕ್ಷಣದಲ್ಲೇ, ಬಳೆಯ ಅಂಚಿನಲ್ಲಿ, ಎರಡು ಲೋಹ ಕೂಡುವ ಗೆರೆಯ ಮೇಲೇ, ಒಂದು ಪುಟ್ಟ ದುಂಡು ತುದಿ ಕಂಡಿತು. ತಲೆಯಿಲ್ಲದ ಸ್ಕ್ರೂ, ನಡುವೆ ಒಂದೇ ಸೀಳು, ಬಿಚ್ಚಿಕೊಳ್ಳದಿರಲೆಂದು ಸುತ್ತಲಿನ ಲೋಹವನ್ನು ಪಂಚಿನಿಂದ ಬಡಿದು ಮಡಿಸಿದ್ದರು. ಮುಂದಕ್ಕೆ ತಿರುಗಿಸಿದೆ. ಇನ್ನೊಂದು. ಮತ್ತೊಂದು. ಒಟ್ಟು ಎಂಟು, ಸಮ ದೂರದಲ್ಲಿ!

“ಬಳೆ ಕಾಯಿಸಿ ತೊಡಿಸ್ಯಾರೆ,” ಅಂದರು ಮಿಸ್ತ್ರಿ. “ಗಾಡಿ ಚಕ್ರಕ್ಕೆ ಪಟ್ಟಿ ತೊಡಿಸ್ತಾರಲ್ಲ, ಹಂಗೆ.”

ನನಗೆ ಮೈ ಜುಂ ಅಂದಿತು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದವರಿಗೆ ಗೊತ್ತು: ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ಕೂರಿಸಿ, ನೀರು ಸುರಿದರೆ ಕುಗ್ಗಿ ಅಪ್ಪಿಕೊಳ್ಳುತ್ತದೆ. ಯಾವನೋ ಒಬ್ಬ, ಇಂಗ್ಲೆಂಡಿನ ಆಲ್-ಫಿನ್ ಡ್ರಮ್ಮನ್ನು ಚಿತ್ರದಲ್ಲಿ ಕಂಡಿದ್ದನೋ ಏನೋ, ಅದನ್ನು ತರಿಸಲಾಗದೆ, ನಮ್ಮ ಬಡಗಿ-ಕಮ್ಮಾರರ ವಿದ್ಯೆಯಿಂದ ಅದನ್ನೇ ಕಟ್ಟಿದ್ದ!

ಹಾಗಾದರೆ ಎಂಟು ಸ್ಕ್ರೂ ಏಕೆ? ಅಪ್ಪಿಕೊಂಡ ಬಳೆಗೆ ಸ್ಕ್ರೂ ಬೇಕೆ?

ಉತ್ತರ ಹೊಳೆದಾಗ ಕೂಗಿಯೇಬಿಟ್ಟೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವ ಲೋಹ. ಈ ಗಾತ್ರದ ಡ್ರಮ್ಮು 150 ಡಿಗ್ರಿಯಷ್ಟು ಕಾದರೆ ಬಳೆ ಕಬ್ಬಿಣಕ್ಕಿಂತ ಸುಮಾರು ಮೂರನೇ ಒಂದು ಮಿಲಿಮೀಟರ್ ಹೆಚ್ಚು ಹಿಗ್ಗುತ್ತದೆ. ಅಷ್ಟು ಸಾಕು, ಅಪ್ಪುಗೆ ಸಡಿಲಾಗಲು. ಗಾಡಿ ಚಕ್ರದ ಪಟ್ಟಿ ತಣ್ಣಗೇ ಇರುತ್ತದೆ. ಬ್ರೇಕಿನ ಬಳೆ ಬೇಕಾದಾಗಲೇ ಬಿಸಿಯಾಗುತ್ತದೆ! ಅಂದರೆ ಈತ ಮೊದಲು ಬಳೆ ಮಾತ್ರ ತೊಡಿಸಿದ. ಓಡಿಸಿದ. ಬಿಸಿಯಲ್ಲಿ ಬಳೆ ಜಾರಿತು. ವಾಪಸ್ ಬಂದು ಎಂಟು ಸ್ಕ್ರೂ ಹಾಕಿದ. ಕಬ್ಬಿಣದ ಹೊರಮೈಯಲ್ಲಿ, ಬಳೆಯ ಅಂಚಿನಾಚೆ, ಸುತ್ತಲೂ ಒಂದು ನುಣುಪಾದ ಉಜ್ಜಿದ ಗುರುತು ಇದೆ. ಬಳೆ ಜಾರಿದ ಗುರುತು. ಒಂದು ಸೋಲು, ಒಂದು ಪಾಠ, ಒಂದು ತಿದ್ದುಪಡಿ, ಮೂರೂ ಅಂಗೈ ಅಗಲದ ಲೋಹದಲ್ಲಿ!

ಷೋಕಿಗೆ ಮಾಡಿದವನಿಗೆ ಬಳೆ ಜಾರುವುದಿಲ್ಲ. ಜಾರಬೇಕಾದರೆ ಡ್ರಮ್ಮು ಕಾಯಬೇಕು, ಕಾಯಬೇಕಾದರೆ ಮತ್ತೆ ಮತ್ತೆ ಭರ್ತಿ ವೇಗದಿಂದ ನಿಲ್ಲಿಸಿರಬೇಕು.

ಮರುದಿನ ಡ್ರಮ್ಮನ್ನು ಗೋಣಿಯಲ್ಲಿ ಸುತ್ತಿ ದಾವಣಗೆರೆಗೆ ಒಯ್ದೆವು. ಹಳೆಯ ವರ್ಕ್‌ಶಾಪ್ ಒಂದರಲ್ಲಿ ಲೇತ್ ಮೇಲೆ ‘ಮೈಸೂರು ಕಿರ್ಲೋಸ್ಕರ್, ಹರಿಹರ’ ಅನ್ನುವ ಎರಕದ ಅಕ್ಷರ. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕೊಟ್ಟ ಕಾರ್ಖಾನೆ ಅದು, ನಮ್ಮ ಪಕ್ಕದ ಹರಿಹರದ್ದು. ಇನ್ನೊಂದು ಮಗ್ಗುಲಿಗೆ ಭದ್ರಾವತಿ, 1923ರಲ್ಲಿ ಊದುಕುಲುಮೆ ಹೊತ್ತಿದ ಊರು. ಕಬ್ಬಿಣ ಕರಗಿಸುತ್ತಿದ್ದ ಊರು ಒಂದು ಕಡೆ, ಕಬ್ಬಿಣ ಕಡೆಯುವ ಯಂತ್ರ ಮಾಡುತ್ತಿದ್ದ ಊರು ಇನ್ನೊಂದು ಕಡೆ. ನಡುವೆ ಅಡಿಕೆ, ಭತ್ತ ಬೆಳೆಯುತ್ತ ಬದುಕಿದವರು ನಾವು. ಒಂದು ಡ್ರಮ್ಮನ್ನು ಓದಲು ಇದಕ್ಕಿಂತ ಒಳ್ಳೆಯ ನೆಲ ಬೇಕೆ?

ಟರ್ನರ್ ಡ್ರಮ್ಮನ್ನು ಲೇತಿಗೆ ಕಟ್ಟಿದರು. ಕಡೆಯಲಿಕ್ಕಲ್ಲ, ಬರೀ ತಿರುಗಿಸಿ ನೋಡಲಿಕ್ಕೆ. ಡಯಲ್ ಗೇಜಿನ ಮುಳ್ಳು ಅಲುಗಿದ್ದು ಅಲ್ಪಸ್ವಲ್ಪ. ಬಳೆಯೂ ಡ್ರಮ್ಮೂ ಇವತ್ತಿಗೂ ಒಂದೇ ನಡುವಿನಲ್ಲಿ ತಿರುಗುತ್ತಿವೆ! ಏಣಿನ ಬದಿಯಲ್ಲಿ ಉಳಿಯ ಗೆರೆಗಳು ಸುರುಳಿಯಾಗಿ ಕಾಣುತ್ತಿದ್ದವು, ಗ್ರಾಮಫೋನ್ ತಟ್ಟೆಯ ಮೇಲಿನ ಹಾಗೆ. “ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಕಡೆದಿದ್ದು,” ಅಂದರು ಟರ್ನರ್. “ನೋಡಿ, ಗೆರೆ ಒಂದ್ಕಡೆ ಹತ್ರ ಐತೆ, ಒಂದ್ಕಡೆ ದೂರ ಐತೆ. ಯಂತ್ರ ತಾನೇ ನಡೆದ್ರೆ ಒಂದೇ ಸಮ ಬರ್ತದೆ.” ಕಡೆದವನ ಕೈ ಎಲ್ಲಿ ನಿಧಾನಿಸಿತು, ಎಲ್ಲಿ ಅವಸರಿಸಿತು ಅನ್ನುವುದು ಅರ್ಧ ಶತಮಾನದ ನಂತರ ಓದಲು ಸಿಗುತ್ತಿದೆ!

ಆಮೇಲೆ ಸ್ಕ್ರೂ. ಸಡಿಲವಿದ್ದ ಒಂದನ್ನು ತೆಗೆದು ಥ್ರೆಡ್ ಗೇಜಿನ ಹಲ್ಲುಗಳಿಗೆ ಹಿಡಿದು ನೋಡಿದರು. ಮೆಟ್ರಿಕ್ ಕೂರಲಿಲ್ಲ. ಇಂಚಿನ ಯುಎನ್‌ಎಫ್ ಕೂರಲಿಲ್ಲ. ಕೊನೆಗೆ ಸದ್ದಿಲ್ಲದೆ ಕೂತದ್ದು ಬಿಎ ಗೇಜು, 2 ನಂಬರು. ಬ್ರಿಟಿಷರ ಕಾಲದ ಸಣ್ಣ ಸ್ಕ್ರೂಗಳ ಅಳತೆ ಅದು. ಮೆಟ್ರಿಕ್ ಹಲ್ಲಿನ ಕೋನ 60 ಡಿಗ್ರಿ, ಬಿಎ ಹಲ್ಲಿನದು 47.5 ಡಿಗ್ರಿ, ಸುಳ್ಳು ಹೇಳಲು ಬರುವುದಿಲ್ಲ. ನಮ್ಮಲ್ಲಿ 1956ರ ಕಾಯಿದೆಯ ನಂತರ ಅಳತೆಗಳೆಲ್ಲ ಮೆಟ್ರಿಕ್ಕಿನ ಕಡೆ ತಿರುಗಿದರೂ ವರ್ಕ್‌ಶಾಪಿನ ಡಬ್ಬಗಳಲ್ಲಿ ಈ ಸ್ಕ್ರೂಗಳು ಬಹಳ ವರ್ಷ ಉಳಿದಿದ್ದವು. ಇತ್ತೀಚೆಗೆ ಯಾರಾದರೂ ಈ ಕೆಲಸ ಮಾಡಿದ್ದರೆ ಕೈಗೆ ಸಿಗುತ್ತಿದ್ದದ್ದು ಆರು ಮೂಲೆ ಕುಳಿಯ ಅಲೆನ್ ಸ್ಕ್ರೂ, ಮೆಟ್ರಿಕ್ ಹಲ್ಲು.

ಹಳೆಯ ರೇಸ್ ಕಾರುಗಳ ಲೋಕದಲ್ಲಿ ಈ ವ್ಯತ್ಯಾಸಕ್ಕೆ ಇರುವ ಬೆಲೆ ಕೇಳಿದರೆ ಬೆರಗಾಗುತ್ತೀರಿ. ಎಫ್‌ಐಎ ಸಂಸ್ಥೆ ಐತಿಹಾಸಿಕ ಕಾರುಗಳ ರೇಸಿಗೆಂದೇ ‘ಅನುಬಂಧ ಕೆ’ ಅನ್ನುವ ನಿಯಮಾವಳಿ ಇಟ್ಟಿದೆ; ಅದರ ತಿರುಳು ಒಂದೇ ಪ್ರಶ್ನೆ: ಈ ಬದಲಾವಣೆ ಆ ಕಾಲದ್ದೇ? ಇಂಗ್ಲೆಂಡಿನಲ್ಲಿ ಉತ್ತರ ಹುಡುಕುವುದು ಎಷ್ಟೋ ಸಲ ಕ್ಯಾಟಲಾಗ್ ಹಿಡಿದು. ಕ್ಯಾಲಿಪರ್ ಮೇಲೆ ಗರ್ಲಿಂಗ್ ಅಂತ ಎರಕದ ಹೆಸರಿದೆಯೆ? ಪೈಪು ಕೂರುವ ಥ್ರೆಡ್ ಇಂಚಿನದೋ, 1970ರ ದಶಕದಲ್ಲಿ ಬಂದ ಮೆಟ್ರಿಕ್ಕೋ? ನಂಬರು ನೋಡಿದರೆ ಕಾಲ ಗೊತ್ತಾಗುತ್ತದೆ. ನಮ್ಮ ದೇಶದ ಹಳೆಯ ರೇಸ್ ಕಾರಿಗೆ ಆ ಕ್ಯಾಟಲಾಗ್ ಸಾಲದು. ಇಲ್ಲಿ ಕೊಂಡದ್ದಕ್ಕಿಂತ ಕಟ್ಟಿದ್ದು ಹೆಚ್ಚು. ಇಲ್ಲಿ ಪಾರ್ಟ್ ನಂಬರ್ ಹುಡುಕಬಾರದು, ಕೈ ಹುಡುಕಬೇಕು.

ಮೂರನೇ ದಿನ ಆ ಕೈ ಇನ್ನಷ್ಟು ಹತ್ತಿರ ಬಂತು.

ಶೂಗಳ ಹಿಂದಿರುವ ಬ್ಯಾಕ್ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಗ್ರೀಸು, ಕೆಸರು, ಜೇಡರ ಗೂಡು ಎಲ್ಲ ಹೋದ ಮೇಲೆ ತೂತುಗಳು ಕಂಡವು. ಚಕ್ರದ ಮುಂದಿನ ಬದಿಗೆ, ಗಾಳಿ ಬಡಿಯುವ ಕಡೆಗೆ, ಅರ್ಧಚಂದ್ರದ ಆಕಾರದಲ್ಲಿ ಒಂಬತ್ತು ತೂತು. ಮೇಲೆ ತೆಳ್ಳನೆಯ ತಂತಿಬಲೆ, ಕಲ್ಲು ನುಗ್ಗದಿರಲೆಂದು. ಪ್ರತಿ ತೂತಿನ ಅಂಚನ್ನೂ ಅರದಿಂದ ಉಜ್ಜಿ ದುಂಡಗೆ ಮಾಡಿದ್ದ. ಚೂಪು ಅಂಚಿನಿಂದ ಲೋಹ ಸೀಳುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ತೂತುಗಳ ನಡುವೆ ಮುಳ್ಳಿನಿಂದ ಗೀರಿದ ಕಮಾನು ಗೆರೆ ಇನ್ನೂ ಇದೆ. ಗೆರೆಯ ಮೇಲೆ ಹತ್ತನೆಯ ಜಾಗದಲ್ಲಿ ಪಂಚಿನ ಚುಕ್ಕೆ ಇದೆ. ತೂತು ಇಲ್ಲ!

ಏಕೆ ಬಿಟ್ಟ? ಬೆರಳಿಟ್ಟು ಹಿಂದಕ್ಕೆ ಸರಿಸಿದೆ. ಚುಕ್ಕೆಯ ನೇರ ಹಿಂದೆ ಬ್ರೇಕ್ ಪೈಪ್ ಹಾಯುತ್ತದೆ. ಡ್ರಿಲ್ ಹಿಡಿದು, ಬಾಗಿ, ಇಟ್ಟ ಕೈಯನ್ನು ಆತ ಹಿಂದಕ್ಕೆ ತೆಗೆದಿದ್ದಾನೆ. ಆ ಒಂದು ಕ್ಷಣದ ಎಚ್ಚರ ಆ ಚುಕ್ಕೆಯಲ್ಲಿ ನಿಂತಿದೆ. ನಾನು ಅದರ ಮೇಲಿಂದ ಬೆರಳು ತೆಗೆಯಲಾರದೆ ಕೂತಿದ್ದೆ.

ಹಿಂದಿನ ಚಕ್ರ ಬಿಚ್ಚಿದರೆ ಏನೂ ಇಲ್ಲ! ಡ್ರಮ್ಮು ಕಂಪನಿಯದ್ದೇ, ಪ್ಲೇಟು ಕಂಪನಿಯದ್ದೇ. ಇದೂ ಒಂದು ಸಾಕ್ಷಿ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ದುಡಿಮೆಯ ದೊಡ್ಡ ಪಾಲು ಮುಂದಿನ ಚಕ್ರಗಳದ್ದು. ಹಿಂದಿನದನ್ನು ಹೆಚ್ಚು ಬಿಗಿ ಮಾಡಿದರೆ ಚಕ್ರ ಕಚ್ಚಿಕೊಂಡು ಕಾರು ಬುಗುರಿಯಾಗುತ್ತದೆ. ಅಂದಕ್ಕೆ ಮಾಡುವವನು ನಾಲ್ಕೂ ಕಡೆ ಮಾಡುತ್ತಾನೆ. ತಿಳಿದವನು ಎರಡೇ ಕಡೆ ಮಾಡುತ್ತಾನೆ.

ಇನ್ನು ಉಳಿದದ್ದು ಶೂ. ಒದ್ದೆ ಬಟ್ಟೆಯಿಂದ ಲೈನರಿನ ಬದಿಯನ್ನು ಒರೆಸುತ್ತಿದ್ದಂತೆ ಮಸಿಯ ಅಡಿಯಿಂದ ಬಿಳಿ ಅಕ್ಷರಗಳು ಎದ್ದವು. ಫೆರೋಡೋ! ಪಕ್ಕದಲ್ಲಿ ವಿಜಿ 95!!

ಫೆರೋಡೋ ಅನ್ನುವ ಹೆಸರಿನ ಹಿಂದೆ ಒಂದು ಕತೆಯಿದೆ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳಲ್ಲಿ ಇಳಿಜಾರಿನಲ್ಲಿ ಗಾಡಿ ಹಿಡಿಯಲು ರೈತರು ಮರದ ತುಂಡಿನ ಬ್ರೇಕಿಗೆ ಹಳೆಯ ಬೂಟಿನ ತೊಗಲು ಹೊಡೆಯುತ್ತಿದ್ದರು. ಅದನ್ನು ಕಂಡ ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕ್ ಲೈನರುಗಳ ಪ್ರಯೋಗಕ್ಕಿಳಿದ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿ, ನಡುವೆ ಒಂದು ಅಕ್ಷರ ಸೇರಿಸಿ ಕಂಪನಿಗೆ ಹೆಸರಿಟ್ಟ. ಓದಿದಾಗ ನನಗೆ ನಮ್ಮ ಅಜ್ಜನ ಗಾಡಿ ನೆನಪಾಯಿತು. ಇಳಿಜಾರಿಗೆಂದು ಚಕ್ರಕ್ಕೆ ಒತ್ತುವ ಮರದ ತುಂಡಿಗೆ ಅಜ್ಜ ಲಾರಿ ಟೈರಿನ ಚೂರು ಹೊಡೆದಿದ್ದರು. ಡರ್ಬಿಶೈರಿನ ರೈತನೂ ಕತ್ತಲಗೆರೆಯ ರೈತನೂ ಒಂದೇ ಇಳಿಜಾರಿನಲ್ಲಿ ಒಂದೇ ಉಪಾಯ ಕಂಡವರು!

ರಸ್ತೆಯ ಕಾರಿಗೆ ಬೇಕಾದ ಲೈನರು ಮುಂಬೈಯ ಹಿಂದೂಸ್ತಾನ್ ಫೆರೋಡೋ ಕಂಪನಿಯದ್ದೇ ಸಿಗುತ್ತಿತ್ತು. ವಿಜಿ 95 ರಸ್ತೆಯದ್ದಲ್ಲ. ಅದು ಸ್ಪರ್ಧೆಗೆಂದೇ ಮಾಡಿದ ಗಟ್ಟಿ ಲೈನರು. ಸಾಮಾನ್ಯ ಲೈನರು ಸೋಲುವ ಬಿಸಿಯಲ್ಲೂ ಅದು ಹಿಡಿತ ಬಿಡುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ತಣ್ಣಗಿದ್ದಾಗ ಅದು ಕಲ್ಲು. ಕಾಲಿನ ಬಲವೆಲ್ಲ ಹಾಕಿದರೂ ಅರೆಮನಸ್ಸಿನಿಂದ ಹಿಡಿಯುತ್ತದೆ. ಕಾದ ಮೇಲೆ ಹುಲಿ.

ನಾನು ತಲೆಯೆತ್ತಿದೆ. ಶೆಡ್ಡಿನ ಬಾಗಿಲಲ್ಲಿ ದೊಡ್ಡಮ್ಮ ಕಾಫಿ ಹಿಡಿದು ನಿಂತಿದ್ದರು.

“ದೊಡ್ಡಮ್ಮಾ, ಬೆಳಿಗ್ಗೆ ಬ್ರೇಕ್ ಹಿಡೀತಿರಲಿಲ್ಲ, ಬಿಸಿಯಾದ ಮೇಲೆ ಹಿಡೀತಿತ್ತು ಅಂತಿದ್ರಲ್ಲ?”

“ಹೂಂ ಮತ್ತೆ. ಯಾಕೆ?”

ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ಇಷ್ಟು ವರ್ಷ ಆಕೆ ದೂರು ಅಂದುಕೊಂಡು ಹೇಳಿದ್ದು ಈ ಕಾರಿನ ಬಗ್ಗೆ ಯಾರೂ ಕೊಡದ ಅತ್ಯಂತ ನಿಖರವಾದ ಸಾಕ್ಷಿ. ಕಾಗದವಿಲ್ಲ, ಫೋಟೋ ಇಲ್ಲ, ಬಾಗಿಲ ಮೇಲಿದ್ದಿರಬಹುದಾದ ನಂಬರನ್ನು ಯಾವತ್ತೋ ಬಣ್ಣ ಮುಚ್ಚಿದೆ. ಆದರೆ ಲೈನರಿನ ಗುಣವನ್ನು ಒಬ್ಬ ಹೆಂಗಸು ಭಯದಲ್ಲಿ ಕೂತು, ತನ್ನ ಮೈಯಲ್ಲೇ ದಾಖಲಿಸಿಟ್ಟಿದ್ದರು!

ಒಂದೊಂದು ಗುರುತನ್ನೇ ಬಿಡಿಯಾಗಿ ಹಿಡಿದರೆ ಏನೂ ಸಾಬೀತಾಗುವುದಿಲ್ಲ. ಹಳೆಯ ಸ್ಕ್ರೂ ಇವತ್ತೂ ಎಲ್ಲೋ ಸಿಕ್ಕೀತು. ಏಣಿನ ಬಳೆಯನ್ನು ಯಾರಾದರೂ ಆಸೆಗೆ ಮಾಡಿಸಬಹುದು. ಆದರೆ ಬಳೆ, ಅದು ಜಾರಿದ ಗುರುತು, ಜಾರದಂತೆ ಹಾಕಿದ ಎಂಟು ಬಿಎ ಸ್ಕ್ರೂ, ಗಾಳಿಯ ಕಡೆಗೇ ಕೊರೆದ ಒಂಬತ್ತು ತೂತು, ಮುಟ್ಟದೆ ಬಿಟ್ಟ ಹಿಂದಿನ ಚಕ್ರ, ಸ್ಪರ್ಧೆಯ ಲೈನರು, ದೊಡ್ಡಮ್ಮನ ನೆನಪು, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಈ ಕಾರನ್ನು ಯಾರೋ ಭರ್ತಿ ವೇಗದಿಂದ ಮತ್ತೆ ಮತ್ತೆ ನಿಲ್ಲಿಸಿದ್ದಾರೆ. ನಿಲ್ಲಿಸಲು ಸಜ್ಜಾಗಿದ್ದಾರೆ, ಸೋತು ಮತ್ತೆ ಸಜ್ಜಾಗಿದ್ದಾರೆ.

ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮುಂದೆ ಜನ ನಿಂತು ನೋಡುವುದನ್ನು ಕಂಡಿದ್ದೇನೆ. ದೀಪ ನೋಡುತ್ತಾರೆ, ಹಾರನ್ ನೋಡುತ್ತಾರೆ, ಹೊಳೆಯುವ ಮೈಯಲ್ಲಿ ತಮ್ಮ ಮುಖ ನೋಡುತ್ತಾರೆ. ನಾನೂ ಅಷ್ಟನ್ನೇ ನೋಡಿದ್ದೆ. ಇನ್ನು ಮೇಲೆ ಚಕ್ರದ ಹಿಂದೆ ಇಣುಕದೆ ಮುಂದೆ ಹೋಗಲಾರೆ. ಮೈಗೆ ಯಾರು ಬೇಕಾದರೂ ಬಣ್ಣ ಬಳಿಯುತ್ತಾರೆ. ಬ್ರೇಕಿಗೆ ಬಳಿಯುವವರು ಯಾರು? ಓಡಿಸಿದವನ ಹೆಸರನ್ನು ಪತ್ರಿಕೆ ಬರೆದುಕೊಳ್ಳುತ್ತದೆ. ನಿಲ್ಲಿಸುವಂತೆ ಮಾಡಿದವನ ಹೆಸರು ಲೋಹದ ಮೇಲೆ ಹೀಗೆ, ಗೀರು, ಚುಕ್ಕೆಗಳಲ್ಲಿ ಮಾತ್ರ ಉಳಿಯುತ್ತದೆ. ನಿಮ್ಮೂರಿನ ಕೊಟ್ಟಿಗೆಯಲ್ಲೋ ಗ್ಯಾರೇಜಿನ ಹಿತ್ತಲಲ್ಲೋ ಇಂಥ ಕಾರಿದ್ದರೆ, ದಯವಿಟ್ಟು, ಹೊಳಪು ಮಾಡುವ ಮುಂಚೆ ಓದಿ. ಸ್ಯಾಂಡ್ ಪೇಪರ್ ಹಿಡಿಯುವ ಮುಂಚೆ ಫೋಟೋ ತೆಗೆಯಿರಿ. ಹಳೆಯ ಸ್ಕ್ರೂ ಎಸೆಯುವ ಮುಂಚೆ ಅದರ ಹಲ್ಲು ಎಣಿಸಿ.

ಸಂಜೆ ಎಲ್ಲವನ್ನೂ ಇದ್ದ ಹಾಗೇ ಜೋಡಿಸಿದೆವು. ರಸ್ತೆಗೆ ಇಳಿಯುವ ದಿನ ಬಂದರೆ ಹೊಸ ಶೂ ಹಾಕುತ್ತೇವೆ, ಇವನ್ನು ಪೆಟ್ಟಿಗೆಯಲ್ಲಿ ಕಾಪಿಡುತ್ತೇವೆ. ಅದಕ್ಕೆ ಮುಂಚೆ ಒಂದು ಸಲ, ಜಾಕ್ ಮೇಲೆ ನಿಂತಿರುವಾಗಲೇ, ನೋಡಬೇಕೆನಿಸಿತು. ಹೊಸ ಆಯಿಲ್ ಹಾಕಿ ಗಾಳಿ ತೆಗೆದೆವು. ಮಿಸ್ತ್ರಿ ಎರಡೂ ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸಿದರು. ಏಣುಗಳು ಗಾಳಿಯಲ್ಲಿ ಸುಯ್ಯೆಂದವು. ನಾನು ಪೆಡಲ್ ಒತ್ತಿದೆ. ಚಕ್ರ ನನ್ನನ್ನು ಲೆಕ್ಕಿಸದೆ ತಿರುಗುತ್ತಲೇ ಇತ್ತು.

“ಸರಿ, ಏಳು,” ಅಂದರು ದೊಡ್ಡಪ್ಪ.

ಕೋಲನ್ನು ಬಾಗಿಲಿಗೆ ಒರಗಿಸಿ, ಪಂಚೆ ಎತ್ತಿ ಕಟ್ಟಿ, ಸೀಟಿನಲ್ಲಿ ಕೂತರು. ಬೆನ್ನನ್ನು ಸೀಟಿಗೆ ಒತ್ತಿ ಹಿಡಿದು, ಮೊಣಕಾಲು ನೆಟ್ಟಗೆ ಮಾಡಿ, ಪೆಡಲ್ ಮೇಲೆ ಕಾಲಿಟ್ಟರು, ಯಾರೂ ಹೇಳಿಕೊಡಬೇಕಾಗಲಿಲ್ಲ. ಮಿಸ್ತ್ರಿ ಮತ್ತೆ ಚಕ್ರ ತಿರುಗಿಸಿದರು. ದೊಡ್ಡಪ್ಪ ಮೈಯ ಭಾರವನ್ನೆಲ್ಲ ಕಾಲಿಗೆ ತಂದರು.

ಚಕ್ರ ನಿಂತಿತು.

“ಬೆಳಿಗ್ಗೆ ಹೊತ್ತು ಹಿಂಗೇ ಒತ್ತಬೇಕು,” ಅಂದರು ದೊಡ್ಡಪ್ಪ, ಕಾಲು ತೆಗೆಯದೆ.